ಮಣ್ಣು ಪರೀಕ್ಷೆಗೆ ಬೆಳಕು ನೀಡಿದ ವಿಜ್ಞಾನಿ: ರಾಬರ್ಟ್ ಬುನ್ಸೆನ್ (1811–1899)

ಪೀಠಿಕೆ

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ರೈತ ಬಾಂಧವರು ತಮ್ಮ ಜಮೀನಿನ ಮಣ್ಣನ್ನು ಪರೀಕ್ಷೆಗೆ ಸಲ್ಲಿಸಿದಾಗ ಅವರಿಗೆ ಮಣ್ಣು ಆರೋಗ್ಯ ಚೀಟಿ ದೊರೆಯುತ್ತದೆ. 2015ರಲ್ಲಿ ಪ್ರಾರಂಭವಾದ ಈ ಯೋಜನೆಯ ಚೀಟಿಯಲ್ಲಿ ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ ಮೊದಲಾದ 12 ಅಂಶಗಳ ವಿವರವಿರುತ್ತದೆ. ಚೀಟಿಯಲ್ಲಿ ನಮೂದಾಗುವ ಪೊಟ್ಯಾಷ್‌ನ ಅಂಕಿಯನ್ನು ಬಹುತೇಕ ಪ್ರಯೋಗಾಲಯಗಳಲ್ಲಿ ಜ್ವಾಲೆಯ ಬಣ್ಣದಿಂದ ಅಳೆಯಲಾಗುತ್ತದೆ. ಜ್ವಾಲೆಯ ಬಣ್ಣವನ್ನು ನೋಡಿ ವಸ್ತುವಿನಲ್ಲಿ ಯಾವ ಧಾತು ಇದೆಯೆಂದು ಖಚಿತವಾಗಿ ಹೇಳುವ ವಿಧಾನವನ್ನು ಜಗತ್ತಿಗೆ ನೀಡಿದವರಲ್ಲಿ ಪ್ರಮುಖರು ಜರ್ಮನಿಯ ರಸಾಯನ ವಿಜ್ಞಾನಿ ರಾಬರ್ಟ್ ಬುನ್ಸೆನ್ ಅವರು. ಅವರ ಜೀವನ ಚರಿತ್ರೆಯನ್ನು ಹಾಗೂ ಅದರಿಂದ ಮಣ್ಣು ಮಾದರಿ ಸಲ್ಲಿಸುವವರು ತಿಳಿಯಬೇಕಾದ ವಿಷಯಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಬುನ್ಸೆನ್ ಅವರು 1811ರ ಮಾರ್ಚ್ ತಿಂಗಳಿನಲ್ಲಿ ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಜನಿಸಿದರು. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ತಂದೆಯವರು ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರೂ ಭಾಷಾಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದರು. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿಯೇ ಅದೇ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದ ಬುನ್ಸೆನ್ ಅವರು, ಬಳಿಕ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಮುಂತಾದ ದೇಶಗಳಲ್ಲಿ ಪ್ರವಾಸ ಮಾಡಿ ಅಲ್ಲಿನ ಕಾರ್ಖಾನೆಗಳನ್ನೂ ಗಣಿಗಳನ್ನೂ ಪ್ರಯೋಗಾಲಯಗಳನ್ನೂ ಕಣ್ಣಾರೆ ಕಂಡರು. ರಸಾಯನ ವಿಜ್ಞಾನವು ಪುಸ್ತಕದಲ್ಲಿ ಉಳಿಯದೆ ಜನರ ಕೆಲಸಕ್ಕೆ ಬರಬೇಕೆಂಬ ಅವರ ಧೋರಣೆ ಮುಂದಿನ ಎಲ್ಲ ಕಾರ್ಯಗಳಲ್ಲಿಯೂ ಕಂಡುಬರುತ್ತದೆ.

ವಿಷಕ್ಕೆ ಮದ್ದು, ವಿಷದಿಂದಲೇ ಅಪಾಯ

1834ರಲ್ಲಿ ಬುನ್ಸೆನ್ ಅವರು ವೈದ್ಯರಾದ ಬರ್ತೋಲ್ಡ್ ಅವರೊಡನೆ ಸೇರಿ, ಹೊಸದಾಗಿ ತಯಾರಿಸಿದ ಕಬ್ಬಿಣದ ಜಲಯುಕ್ತ ಆಕ್ಸೈಡ್ ಆರ್ಸೆನಿಕ್ ವಿಷಕ್ಕೆ ಪ್ರತಿವಿಷವಾಗುತ್ತದೆ ಎಂದು ತೋರಿಸಿದರು. ಆರ್ಸೆನಿಕ್ ಕಬ್ಬಿಣದ ಆಕ್ಸೈಡ್‌ಗೆ ಬಿಗಿಯಾಗಿ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಕುಡಿಯುವ ನೀರಿನಿಂದ ಆರ್ಸೆನಿಕ್ ತೆಗೆಯುವ ಅನೇಕ ಶೋಧಕಗಳು ಇಂದಿಗೂ ಇದೇ ಗುಣವನ್ನು ಬಳಸಿಕೊಳ್ಳುತ್ತವೆ.

1836ರಲ್ಲಿ ಕಾಸೆಲ್ ನಗರದ ಶಾಲೆಗೆ ಅಧ್ಯಾಪಕರಾಗಿ ಬಂದ ಇವರು, ನಂತರ ಮಾರ್ಬುರ್ಗ್ ವಿಶ್ವವಿದ್ಯಾಲಯವನ್ನು ಸೇರಿದರು. ಈ ಅವಧಿಯಲ್ಲಿ ಆರ್ಸೆನಿಕ್ ಇರುವ ಕ್ಯಾಕೊಡಿಲ್ ಎಂಬ ದುರ್ವಾಸನೆಯ, ತಾನಾಗಿಯೇ ಹೊತ್ತಿಕೊಳ್ಳುವ ವಸ್ತುಗಳ ಮೇಲೆ ಸಂಶೋಧನೆ ನಡೆಸಿದರು. ಒಮ್ಮೆ ಪಾತ್ರೆ ಸಿಡಿದು ಅವರ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಯಿತು. ಆರ್ಸೆನಿಕ್ ವಿಷವೂ ದೇಹವನ್ನು ಸೇರಿ ಅವರು ಸಾವಿನ ಅಂಚಿನವರೆಗೆ ಹೋಗಿ ಚೇತರಿಸಿಕೊಂಡರು. ಮುಂದೆ ಬೆಳಕಿನ ಸೂಕ್ಷ್ಮ ಗೆರೆಗಳನ್ನು ಗುರುತಿಸಿ ಹೊಸ ಧಾತುಗಳನ್ನು ಕಂಡ ಈ ವಿಜ್ಞಾನಿ ಆ ಕೆಲಸವನ್ನು ಉಳಿದ ಒಂದೇ ಕಣ್ಣಿನಿಂದ ಮಾಡಿದರು ಎಂಬುದು ಗಮನಾರ್ಹ.

ವಿದ್ಯುತ್ ಕೋಶ: ಉತ್ಕರ್ಷಣ ಮತ್ತು ಅಪಕರ್ಷಣ

1841ರಲ್ಲಿ ಬುನ್ಸೆನ್ ಅವರು ಹೊಸ ಬಗೆಯ ವಿದ್ಯುತ್ ಕೋಶವನ್ನು ರೂಪಿಸಿದರು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಗ್ರೋವ್ ಕೋಶದಲ್ಲಿ ದುಬಾರಿಯಾದ ಪ್ಲಾಟಿನಂ ಬೇಕಾಗುತ್ತಿತ್ತು. ಬುನ್ಸೆನ್ ಅವರು ಅದರ ಬದಲಿಗೆ ಅಗ್ಗದ ಇಂಗಾಲವನ್ನು ಬಳಸಿದರು. ಇಂಗಾಲದ ಕಡ್ಡಿ ಮತ್ತು ಸತುವಿನ ಜೋಡಿಯನ್ನು ಮುಂದೆ ಟಾರ್ಚಿನ ಸೆಲ್ಲಿನಲ್ಲಿಯೂ ಬಳಸಲಾಯಿತು.

ಈ ಕೋಶದಲ್ಲಿ ಸತು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಇದಕ್ಕೆ ಉತ್ಕರ್ಷಣ ಎಂದು ಹೆಸರು. ಇನ್ನೊಂದು ಬದಿಯಲ್ಲಿರುವ ನೈಟ್ರಿಕ್ ಆಮ್ಲ ಆ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ, ಇದು ಅಪಕರ್ಷಣ. ಲೆಕ್ಕದ ಪುಸ್ತಕದಲ್ಲಿ ಒಂದು ಖಾತೆಗೆ ಖರ್ಚಾದದ್ದು ಇನ್ನೊಂದು ಖಾತೆಗೆ ಜಮಾ ಆಗಲೇಬೇಕಾದಂತೆ, ಒಂದು ಕಡೆ ಎಷ್ಟು ಎಲೆಕ್ಟ್ರಾನು ಹೋಯಿತೋ ಇನ್ನೊಂದು ಕಡೆ ಅಷ್ಟೇ ಸೇರಬೇಕು. ಈ ಸಮತೋಲನವೇ ರಾಸಾಯನಿಕ ಅಳತೆಗೆ ಆಧಾರ. 1853ರಲ್ಲಿ ಬುನ್ಸೆನ್ ಅವರು ಅಯೋಡಿನ್ ದ್ರಾವಣವನ್ನು ಬಳಸಿ ಉತ್ಕರ್ಷಕ ವಸ್ತುಗಳ ಪ್ರಮಾಣವನ್ನು ನಿಖರವಾಗಿ ಅಳೆಯುವ ಕ್ರಮವನ್ನೂ ಪ್ರಕಟಿಸಿದರು.

ತಮ್ಮ ಕೋಶಗಳ ವಿದ್ಯುತ್ತನ್ನು ಕರಗಿದ ಮೆಗ್ನೀಸಿಯಂ ಕ್ಲೋರೈಡ್‌ನ ಮೂಲಕ ಹರಿಸಿ 1852ರಲ್ಲಿ ಅವರು ಮೆಗ್ನೀಸಿಯಂ ಲೋಹವನ್ನು ಪಡೆದರು. ಕ್ರೋಮಿಯಂ, ಲಿಥಿಯಂ ಮೊದಲಾದ ಲೋಹಗಳನ್ನೂ ವಿದ್ಯುತ್ತಿನಿಂದಲೇ ಬೇರ್ಪಡಿಸಲಾಯಿತು. ಎಲೆಕ್ಟ್ರಾನು ಬಿಟ್ಟುಕೊಡಲು ಸದಾ ಸಿದ್ಧವಾಗಿರುವ ಇಂತಹ ಲೋಹಗಳಿಗೆ ಅವನ್ನು ಮರಳಿ ಸೇರಿಸುವುದು ಸಾಧಾರಣ ಒಲೆ ಇದ್ದಿಲುಗಳಿಂದ ಸುಲಭವಾಗಿ ಆಗುವ ಕೆಲಸವಲ್ಲ.

ಹೈಡೆಲ್‌ಬರ್ಗ್ ಮತ್ತು ಬುನ್ಸೆನ್ ಬರ್ನರ್

1852ರಲ್ಲಿ ಬುನ್ಸೆನ್ ಅವರು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡರು ಹಾಗೂ 1889ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. ಅವರಿಗಾಗಿ ಕಟ್ಟಿದ ಹೊಸ ಪ್ರಯೋಗಾಲಯಕ್ಕೆ ನಗರದ ಅನಿಲ ಸಂಪರ್ಕವಿತ್ತು. ಆದರೆ ಆಗಿನ ಅನಿಲ ದೀಪಗಳ ಜ್ವಾಲೆ ಹಳದಿಯಾಗಿ ಹೊಗೆಯುಗುಳುತ್ತಿತ್ತು. ಅನಿಲ ಉರಿಯುವ ಮೊದಲೇ ಅದರೊಡನೆ ಗಾಳಿ ಬೆರೆಯುವಂತೆ ಮಾಡಿದರೆ ಹೊಗೆಯಿಲ್ಲದ, ಬಹುತೇಕ ಬಣ್ಣವಿಲ್ಲದ, ಹೆಚ್ಚು ಬಿಸಿಯಾದ ಜ್ವಾಲೆ ದೊರೆಯುತ್ತದೆ ಎಂಬುದನ್ನು ಅವರು ಬಳಕೆಗೆ ತಂದರು. ವಿಶ್ವವಿದ್ಯಾಲಯದ ಉಪಕರಣ ತಯಾರಕರಾದ ಪೀಟರ್ ಡೆಸಾಗಾ ಅವರು ಆ ದೀಪವನ್ನು ಮಾಡಿಕೊಟ್ಟರು. ಇದೇ ಇಂದು ಶಾಲಾ ಕಾಲೇಜುಗಳ ಪ್ರಯೋಗಾಲಯಗಳಲ್ಲಿರುವ ಬುನ್ಸೆನ್ ಬರ್ನರ್. ಮನೆಯ ಅಡುಗೆ ಅನಿಲದ ಒಲೆಯ ನೀಲಿ ಜ್ವಾಲೆಯೂ ಇದೇ ತತ್ತ್ವದಿಂದ ಉರಿಯುತ್ತದೆ.

ಈ ದೀಪಕ್ಕಾಗಲಿ ತಮ್ಮ ಇತರ ಉಪಕರಣಗಳಿಗಾಗಲಿ ಬುನ್ಸೆನ್ ಅವರು ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಅವುಗಳನ್ನು ತಯಾರಿಸಿ ಬಳಸಬಹುದಾಗಿತ್ತು. ಜಗತ್ತಿನ ಮೂಲೆ ಮೂಲೆಯ ಪ್ರಯೋಗಾಲಯಗಳಿಗೆ ಅವು ಬೇಗನೆ ತಲುಪಲು ಇದೂ ಒಂದು ಕಾರಣ.

ಜ್ವಾಲೆಯ ಬಣ್ಣದಿಂದ ಧಾತುವಿನ ಗುರುತು

ಉರಿಯುವ ಒಲೆಗೆ ಅಡುಗೆ ಉಪ್ಪಿನ ಕಣಗಳು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಬಣ್ಣ. ಪೊಟ್ಯಾಸಿಯಂ ಜ್ವಾಲೆಗೆ ತಿಳಿ ನೇರಳೆ, ಲಿಥಿಯಂ ಕಡುಗೆಂಪು, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಬೇರಿಯಂ ತಿಳಿ ಹಸಿರು ಮತ್ತು ತಾಮ್ರ ನೀಲಿ ಮಿಶ್ರಿತ ಹಸಿರು ಬಣ್ಣ ಕೊಡುತ್ತವೆ. ಶಾಖದಿಂದ ಪರಮಾಣುವಿನ ಹೊರಗಿನ ಎಲೆಕ್ಟ್ರಾನು ಮೇಲಿನ ಹಂತಕ್ಕೆ ಏರಿ, ಮತ್ತೆ ಕೆಳಗಿಳಿಯುವಾಗ ಆ ಧಾತುವಿಗೇ ಮೀಸಲಾದ ಬಣ್ಣದ ಬೆಳಕನ್ನು ಬಿಡುತ್ತದೆ ಎಂಬ ವಿವರಣೆ 20ನೇ ಶತಮಾನದಲ್ಲಿ ದೊರೆಯಿತು.

ಬಣ್ಣಗಳ ಈ ಪರೀಕ್ಷೆ ಬುನ್ಸೆನ್ ಅವರಿಗಿಂತ ಮೊದಲೂ ತಿಳಿದಿತ್ತು. ಆದರೆ ಸೋಡಿಯಂನ ಹಳದಿ ಎಷ್ಟು ಪ್ರಬಲವೆಂದರೆ ಅದು ಪೊಟ್ಯಾಸಿಯಂನ ಮಂದ ನೇರಳೆಯನ್ನು ಸಂಪೂರ್ಣ ಮರೆಮಾಡುತ್ತದೆ. ಬುನ್ಸೆನ್ ಅವರು ಬಣ್ಣದ ಗಾಜು ಮತ್ತು ದ್ರಾವಣಗಳ ಮೂಲಕ ಜ್ವಾಲೆಯನ್ನು ನೋಡಿ ಹಳದಿಯನ್ನು ತಡೆಯಲು ಯತ್ನಿಸುತ್ತಿದ್ದರು. ಅದರ ಬದಲಿಗೆ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬೇರೆ ಬೇರೆ ಗೆರೆಗಳಾಗಿ ಬಿಡಿಸಿ ನೋಡಬೇಕೆಂದು ಅವರ ಸಹೋದ್ಯೋಗಿಯಾದ ಭೌತ ವಿಜ್ಞಾನಿ ಗುಸ್ಟಾವ್ ಕಿರ್ಚಾಫ್ ಅವರು ಸಲಹೆ ನೀಡಿದರು. 1859ರಲ್ಲಿ ಇಬ್ಬರೂ ಕೂಡಿ ರೋಹಿತದರ್ಶಕವನ್ನು ರಚಿಸಿ, 1860ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೆರಳ ಗುರುತು ಒಬ್ಬೊಬ್ಬ ಮನುಷ್ಯನಿಗೂ ಬೇರೆ ಇರುವಂತೆ ಬೆಳಕಿನ ಗೆರೆಗಳು ಒಂದೊಂದು ಧಾತುವಿಗೂ ಬೇರೆಯಾಗಿರುತ್ತವೆ ಎಂಬುದು ಇದರಿಂದ ಸ್ಥಿರಪಟ್ಟಿತು.

ಈ ವಿಧಾನದ ಸೂಕ್ಷ್ಮತೆಯನ್ನು ಅವರು ಹೀಗೆ ಪರೀಕ್ಷಿಸಿದರು. ಕೊಠಡಿಯ ಒಂದು ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಸಿಡಿಸಿ, ದೂರದ ಇನ್ನೊಂದು ಮೂಲೆಯಲ್ಲಿದ್ದ ಜ್ವಾಲೆಯನ್ನು ಗಮನಿಸಿದರು. ಕೆಲವೇ ನಿಮಿಷಗಳಲ್ಲಿ ಸೋಡಿಯಂನ ಗೆರೆ ಕಾಣಿಸಿಕೊಂಡಿತು. ಒಂದು ಮಿಲಿಗ್ರಾಂನ 30 ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಸೋಡಿಯಂ ಇದ್ದರೂ ಗುರುತಿಸಬಹುದೆಂದು ಅವರು ಲೆಕ್ಕ ಹಾಕಿದರು. ಗಾಳಿಯ ಧೂಳಿನಲ್ಲಿಯೂ ಕೈಯ ಬೆವರಿನಲ್ಲಿಯೂ ಸೋಡಿಯಂ ಇರುವುದರಿಂದ ಮಾದರಿಯ ಶುದ್ಧತೆ ಎಷ್ಟು ಮುಖ್ಯವೆಂಬುದೂ ಇದರಿಂದಲೇ ತಿಳಿಯಿತು.

ಎರಡು ಹೊಸ ಲೋಹಗಳು ಮತ್ತು ಆವರ್ತ ಕೋಷ್ಟಕ

1860ರಲ್ಲಿ ಡುರ್ಕ್‌ಹೈಮ್ ಎಂಬಲ್ಲಿಯ ಬುಗ್ಗೆಯ ಖನಿಜ ನೀರನ್ನು ಪರೀಕ್ಷಿಸುವಾಗ, ಅದುವರೆಗೆ ತಿಳಿದ ಯಾವ ಧಾತುವಿಗೂ ಸೇರದ ಎರಡು ನೀಲಿ ಗೆರೆಗಳು ಕಂಡುಬಂದವು. ಸುಮಾರು 40 ಟನ್ ನೀರನ್ನು ಸಂಸ್ಕರಿಸಿದ ನಂತರ ಹೊಸ ಧಾತುವಿನ ಕೆಲವೇ ಗ್ರಾಂ ಲವಣ ದೊರೆಯಿತು. ಆಕಾಶ ನೀಲಿ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಸೀಸಿಯಂ ಎಂದು ಹೆಸರಿಟ್ಟರು. 1861ರಲ್ಲಿ ಲೆಪಿಡೊಲೈಟ್ ಖನಿಜದಲ್ಲಿ ಕಡುಗೆಂಪು ಗೆರೆಗಳ ಇನ್ನೊಂದು ಧಾತುವನ್ನು ಗುರುತಿಸಿ ರುಬಿಡಿಯಂ ಎಂದು ಕರೆದರು.

ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಲೋಹಗಳ ಗುಂಪಿಗೆ ಈ ಎರಡೂ ಸೇರಿದ್ದರಿಂದ ಕ್ಷಾರ ಲೋಹಗಳ ಸಾಲು ಐದಕ್ಕೆ ಏರಿತು. ಈ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಬಂದಂತೆ ಪರಮಾಣುವಿನ ಗಾತ್ರ ಹೆಚ್ಚುತ್ತದೆ. ಹೊರಗಿನ ಒಂಟಿ ಎಲೆಕ್ಟ್ರಾನು ಕೇಂದ್ರದಿಂದ ದೂರವಾಗಿ ಅದರ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ನೀರಿಗೆ ಹಾಕಿದಾಗ ಲಿಥಿಯಂ ಮೆಲ್ಲನೆ, ಸೋಡಿಯಂ ರಭಸದಿಂದ ವರ್ತಿಸುತ್ತವೆ, ಪೊಟ್ಯಾಸಿಯಂ ಹೊತ್ತಿಕೊಳ್ಳುತ್ತದೆ, ಸೀಸಿಯಂ ಸಿಡಿಯುತ್ತದೆ. ಸೀಸಿಯಂನ ಲವಣ ದೊರೆತರೂ ಅದರ ಶುದ್ಧ ಲೋಹ ಕೈಗೆ ಸಿಗಲು 1882ರವರೆಗೆ ಕಾಯಬೇಕಾಯಿತು.

ರಷ್ಯಾದ ಮೆಂಡಲೀವ್ ಅವರು 1859ರಲ್ಲಿ ವ್ಯಾಸಂಗಕ್ಕಾಗಿ ಹೈಡೆಲ್‌ಬರ್ಗ್‌ಗೆ ಬಂದು ಸ್ವಲ್ಪ ಕಾಲ ಬುನ್ಸೆನ್ ಅವರ ಪ್ರಯೋಗಾಲಯದಲ್ಲಿದ್ದರು. 1869ರಲ್ಲಿ ಅವರು ಪ್ರಕಟಿಸಿದ ಆವರ್ತ ಕೋಷ್ಟಕದಲ್ಲಿ ರುಬಿಡಿಯಂ ಮತ್ತು ಸೀಸಿಯಂ ತಮ್ಮ ಸ್ಥಾನ ಪಡೆದವು. ಸ್ವತಂತ್ರವಾಗಿ ಇಂತಹದೇ ಕೋಷ್ಟಕ ರಚಿಸಿದ ಲೋಥರ್ ಮೇಯರ್ ಅವರೂ ಬುನ್ಸೆನ್ ಅವರ ಶಿಷ್ಯರೇ. ಮೆಂಡಲೀವ್ ಅವರು ಮುಂಚಿತವಾಗಿ ಖಾಲಿ ಬಿಟ್ಟಿದ್ದ ಒಂದು ಸ್ಥಾನಕ್ಕೆ ಸೇರಿದ ಗ್ಯಾಲಿಯಂ ಧಾತು 1875ರಲ್ಲಿ ಪತ್ತೆಯಾದದ್ದೂ ರೋಹಿತದರ್ಶಕದಿಂದಲೇ.

ಕರ್ನಾಟಕದಲ್ಲಿ ರೋಹಿತದರ್ಶಕ

ಈ ಉಪಕರಣವು ರಚನೆಯಾದ ಒಂಬತ್ತೇ ವರ್ಷಗಳಲ್ಲಿ ಇಂದಿನ ಕರ್ನಾಟಕದ ನೆಲಕ್ಕೂ ಬಂದಿತು. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣದ ಸಮಯದಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಿಂದ ಸೂರ್ಯನ ಅಂಚಿನ ಜ್ವಾಲೆಗಳನ್ನು ರೋಹಿತದರ್ಶಕದಲ್ಲಿ ನೋಡಿ ಹೊಳೆಯುವ ಗೆರೆಗಳನ್ನು ಗುರುತಿಸಿದರು. ಅದೇ ದಿನ ಗುಂಟೂರಿನಿಂದ ಫ್ರಾನ್ಸಿನ ಜಾನ್ಸೆನ್ ಅವರೂ ಅವನ್ನು ಕಂಡರು. ಸೂರ್ಯನ ಬೆಳಕಿನಲ್ಲಿದ್ದ ಒಂದು ಹಳದಿ ಗೆರೆ ಹೀಲಿಯಂ ಎಂಬ ಹೊಸ ಧಾತುವಿನದೆಂದು ಮುಂದೆ ತಿಳಿಯಿತು. 1895ರಲ್ಲಿ ಭೂಮಿಯ ಮೇಲೆ ಹೀಲಿಯಂ ಕಂಡುಹಿಡಿದ ವಿಲಿಯಂ ರಾಮ್ಸೆ ಅವರೊಡನೆ 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ರೋಹಿತದ ಮೂಲಕ ಗುರುತಿಸಿದ ಮೋರಿಸ್ ಟ್ರಾವರ್ಸ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಕೊನೆಯ ವರ್ಷಗಳು

ಬುನ್ಸೆನ್ ಅವರು ವಿವಾಹವಾಗಲಿಲ್ಲ. ಬೋಧನೆ ಮತ್ತು ಪ್ರಯೋಗವೇ ಅವರ ಜೀವನವಾಗಿತ್ತು. 1874ರಲ್ಲಿ ಅವರು ಬರೆದು ಮುಗಿಸುತ್ತಿದ್ದ ಒಂದು ಪ್ರಬಂಧದ ಹಸ್ತಪ್ರತಿ, ಮೇಜಿನ ಮೇಲಿದ್ದ ನೀರಿನ ಗಾಜಿನ ಪಾತ್ರೆ ಮಸೂರದಂತೆ ಬಿಸಿಲನ್ನು ಕೇಂದ್ರೀಕರಿಸಿದ್ದರಿಂದ ಹೊತ್ತಿ ಉರಿದುಹೋಯಿತು. ಅವರು ಎದೆಗುಂದದೆ ಪುನಃ ಮೊದಲಿನಿಂದ ಕೆಲಸ ಮಾಡಿ ಅದನ್ನು ಪ್ರಕಟಿಸಿದರು. ಅವರ ಶಿಷ್ಯ ಆವರ್ ವಾನ್ ವೆಲ್ಸ್‌ಬಾಕ್ ಅವರು 1885ರಲ್ಲಿ ರೂಪಿಸಿದ ಅನಿಲ ದೀಪದ ಬಲೆಯೇ ನಮ್ಮ ಹಳ್ಳಿಗಳ ಜಾತ್ರೆ, ಬಯಲಾಟಗಳಲ್ಲಿ ಬೆಳಗಿದ ಪೆಟ್ರೋಮ್ಯಾಕ್ಸ್ ದೀಪದ ಬಲೆಗೆ ಮೂಲ. 1860ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ, 1877ರಲ್ಲಿ ಕಿರ್ಚಾಫ್ ಅವರೊಡನೆ ಮೊದಲ ಡೇವಿ ಪದಕ ಅವರಿಗೆ ಸಂದವು. 1899ರ ಆಗಸ್ಟ್ 16ರಂದು ಹೈಡೆಲ್‌ಬರ್ಗ್‌ನಲ್ಲಿ ನಿಧನರಾದರು.

ಇಂದಿನ ಮಣ್ಣು ಪರೀಕ್ಷೆಯಲ್ಲಿ ಅವರ ಕೊಡುಗೆ

ಪ್ರಯೋಗಾಲಯಕ್ಕೆ ಬಂದ ಮಣ್ಣಿನಲ್ಲಿ ಕೆಲವು ಗ್ರಾಂ ಮಾತ್ರ ತೂಗಿ, ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಕಲಕಿ ಸೋಸಲಾಗುತ್ತದೆ. ಆಗ ಬೆಳೆಗೆ ದೊರೆಯಬಹುದಾದ ಪೊಟ್ಯಾಸಿಯಂ ದ್ರಾವಣಕ್ಕೆ ಬರುತ್ತದೆ. ಅದನ್ನು ಫ್ಲೇಮ್ ಫೋಟೋಮೀಟರ್ ಎಂಬ ಯಂತ್ರದ ಜ್ವಾಲೆಗೆ ಸಿಂಪಡಿಸಿದಾಗ ಜ್ವಾಲೆ ಬಣ್ಣ ಪಡೆಯುತ್ತದೆ. ಸೋಡಿಯಂನ ಹಳದಿಯನ್ನು ಶೋಧಕ ಗಾಜು ತಡೆದು ಪೊಟ್ಯಾಸಿಯಂನ ಬೆಳಕನ್ನು ಮಾತ್ರ ಬಿಡುತ್ತದೆ. ಬೆಳಕು ಹೆಚ್ಚಿದಷ್ಟೂ ಪೊಟ್ಯಾಷ್ ಹೆಚ್ಚು. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್‌ಗಳನ್ನು ಅಳೆಯುವ ಪರಮಾಣು ಹೀರಿಕೆಯ ಯಂತ್ರವೂ ಬುನ್ಸೆನ್ ಮತ್ತು ಕಿರ್ಚಾಫ್ ಅವರ ಸಂಶೋಧನೆಯ ಮುಂದುವರಿಕೆಯೇ.

ಸಾವಯವ ಇಂಗಾಲದ ಪರೀಕ್ಷೆ ಉತ್ಕರ್ಷಣ-ಅಪಕರ್ಷಣದ ಲೆಕ್ಕ. ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ಆಮ್ಲದೊಡನೆ ಸೇರಿ ಮಣ್ಣಿನ ಇಂಗಾಲವನ್ನು ಉತ್ಕರ್ಷಿಸುತ್ತದೆ. ಉಳಿದ ಡೈಕ್ರೋಮೇಟ್ ಎಷ್ಟೆಂದು ಅಳೆದರೆ ಖರ್ಚಾದದ್ದು ತಿಳಿಯುತ್ತದೆ. ಅದರಿಂದ ಇಂಗಾಲದ ಪ್ರಮಾಣ ತಿಳಿಯುತ್ತದೆ.

ಸೋಡಿಯಂ ಮತ್ತು ಪೊಟ್ಯಾಸಿಯಂ ಆವರ್ತ ಕೋಷ್ಟಕದ ಒಂದೇ ಸಾಲಿನವು; ನೀರಿನಲ್ಲಿ ಕರಗಿದಾಗ ಕಣ್ಣಿಗೆ ಒಂದೇ ರೀತಿ. ಆದರೆ ಬೆಳೆಯ ಪಾಲಿಗೆ ಎರಡೂ ಒಂದಲ್ಲ. ಪೊಟ್ಯಾಸಿಯಂ ಕಾಳು ತುಂಬಲು, ಕಾಂಡ ಗಟ್ಟಿಯಾಗಲು ಅವಶ್ಯಕ. ಸೋಡಿಯಂ ಹೆಚ್ಚಾದರೆ ಎರೆ ಮಣ್ಣು ಗಟ್ಟಿ ಕಟ್ಟಿ, ನೀರು ಇಂಗದೆ ಚೌಳಾಗುತ್ತದೆ. ಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ದಾವಣಗೆರೆ, ಹರಿಹರ ಭಾಗದ ರೈತರು, ನೀರು ಬಸಿಯದೆ ನಿಲ್ಲುವ ಗದ್ದೆಗಳಿದ್ದಲ್ಲಿ ಈ ಬಗ್ಗೆ ವಿಶೇಷ ಗಮನ ಹರಿಸುವುದು ಸೂಕ್ತ. ಅಂತಹ ಕ್ಷಾರ ಭೂಮಿಗೆ ಪರೀಕ್ಷೆಯ ಆಧಾರದ ಮೇಲೆ ಜಿಪ್ಸಂ ನೀಡಿದರೆ ಅದರಲ್ಲಿನ ಕ್ಯಾಲ್ಸಿಯಂ ಸೋಡಿಯಂನ ಜಾಗವನ್ನು ಪಡೆಯುತ್ತದೆ. ಬಿಡುಗಡೆಯಾದ ಸೋಡಿಯಂ ಬಸಿಗಾಲುವೆಯ ಮೂಲಕ ಹೊರಹೋಗಬೇಕು.

ಮಣ್ಣು ಮಾದರಿ ಸಲ್ಲಿಸುವವರ ಗಮನಕ್ಕೆ

ಎಕರೆಗಟ್ಟಲೆ ಜಮೀನಿನ ಪರವಾಗಿ ಪ್ರಯೋಗಾಲಯದಲ್ಲಿ ಮಾತನಾಡುವುದು ಕೆಲವೇ ಗ್ರಾಂ ಮಣ್ಣು. ಬುನ್ಸೆನ್ ಅವರ ಪ್ರಯೋಗ ತಿಳಿಸಿದಂತೆ ಜ್ವಾಲೆಯು ತನಗೆ ಕೊಟ್ಟದ್ದನ್ನೆಲ್ಲ ತೋರಿಸುತ್ತದೆ. ಅದು ಹೊಲದ್ದೋ ಚೀಲದ್ದೋ ಎಂದು ಬೇರ್ಪಡಿಸಲಾರದು. ಆದ್ದರಿಂದ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

1. ಗೊಬ್ಬರದ ಖಾಲಿ ಚೀಲದಲ್ಲಿ ಮಣ್ಣನ್ನು ಸಂಗ್ರಹಿಸಬಾರದು, ಅದರ ಮೇಲೆ ಒಣಗಿಸಲೂಬಾರದು. ಚೀಲದಲ್ಲಿ ಉಳಿದ ಪೊಟ್ಯಾಷ್ ಕಣಗಳಿಂದ ಅಂಕಿ ಹೆಚ್ಚಾಗಿ ಬಂದು, ಕೊರತೆಯಿರುವ ಹೊಲಕ್ಕೆ ಪೊಟ್ಯಾಷ್ ಬೇಡವೆಂಬ ಶಿಫಾರಸು ಬರುವ ಸಂಭವವಿದೆ. ಸ್ವಚ್ಛವಾದ ಬಟ್ಟೆ ಅಥವಾ ಪ್ಲಾಸ್ಟಿಕ್ ಚೀಲ ಬಳಸಬೇಕು.

2. ತಿಪ್ಪೆ, ಬದು, ಮರದ ನೆರಳು, ಬಾವಿಯ ಪಕ್ಕ ಮತ್ತು ಬೆಳೆಯ ಕೂಳೆ ಸುಟ್ಟ ಜಾಗಗಳಿಂದ ಮಣ್ಣು ತೆಗೆಯಬಾರದು. ಬೂದಿಯಲ್ಲಿ ಪೊಟ್ಯಾಷ್, ತಿಪ್ಪೆಯಲ್ಲಿ ಸಾವಯವ ಇಂಗಾಲ ಅಧಿಕವಾಗಿರುತ್ತದೆ.

3. ಗೊಬ್ಬರ ಹಾಕುವ ಮೊದಲು, ಹೊಲದ 10ರಿಂದ 15 ಕಡೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಸುಮಾರು 15 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ಅದರ ಅಂಚಿನ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಕೆರೆದು ತೆಗೆಯಬೇಕು. ಅಡಿಕೆ, ತೆಂಗು ಮೊದಲಾದ ತೋಟದ ಬೆಳೆಗಳಿಗೆ ಇನ್ನೂ ಆಳದ ಮಣ್ಣು ಬೇಕಾಗುವುದರಿಂದ ಸಿಬ್ಬಂದಿಯ ಸಲಹೆ ಪಡೆಯಬೇಕು.

4. ಎಲ್ಲ ಮಣ್ಣನ್ನು ಬೆರೆಸಿ ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗಗಳನ್ನು ಬಿಡುತ್ತಾ ಅರ್ಧ ಕಿಲೋ ಉಳಿಯುವಂತೆ ಮಾಡಬೇಕು. ನೆರಳಿನಲ್ಲಿಯೇ ಒಣಗಿಸಬೇಕು. ಎರೆ ಮತ್ತು ಕೆಮ್ಮಣ್ಣು ಎರಡೂ ಇರುವ ಜಮೀನಾದರೆ ಪ್ರತ್ಯೇಕ ಮಾದರಿ ನೀಡಬೇಕು.

5. ರೈತರ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರ್, ನೀರಾವರಿ ಅಥವಾ ಖುಷ್ಕಿ, ಹಿಂದಿನ ಬೆಳೆ ಹಾಗೂ ಮುಂದೆ ಬೆಳೆಯುವ ಬೆಳೆಯ ವಿವರವುಳ್ಳ ಚೀಟಿಯನ್ನು ಮಾದರಿಯೊಂದಿಗೆ ಇಡಬೇಕು.

ಪೊಟ್ಯಾಷ್ ಗೊಬ್ಬರದ ಅಗತ್ಯಕ್ಕೆ ನಮ್ಮ ದೇಶವು ಬಹುತೇಕ ಸಂಪೂರ್ಣವಾಗಿ ಆಮದನ್ನೇ ಅವಲಂಬಿಸಿದೆ. ಅನಗತ್ಯವಾಗಿ ಹಾಕಿದ ಪ್ರತಿ ಚೀಲವೂ ರೈತನ ಕೈಯಿಂದಲೂ ದೇಶದ ಬೊಕ್ಕಸದಿಂದಲೂ ಹೋಗುವ ಹಣ; ಅಗತ್ಯವಿದ್ದಲ್ಲಿ ಹಾಕದಿದ್ದರೆ ಹೋಗುವುದು ಫಸಲು. ಎರಡನ್ನೂ ತಪ್ಪಿಸುವ ವಿಧಾನವೊಂದನ್ನು ಬುನ್ಸೆನ್ ಅವರಂತಹ ವಿಜ್ಞಾನಿಗಳು ಯಾವ ಪ್ರತಿಫಲವನ್ನೂ ಬಯಸದೆ ನೀಡಿ ಹೋಗಿದ್ದಾರೆ. ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ, ಮಣ್ಣು ಮಾದರಿಯನ್ನು ಕ್ರಮಬದ್ಧವಾಗಿ ಸಲ್ಲಿಸಿ, ಚೀಟಿಯಲ್ಲಿನ ಶಿಫಾರಸಿನಂತೆ ಗೊಬ್ಬರ ಬಳಸಿ ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.